ಮನೆ ಕಳ್ಳತನದ ಕ್ಲೇಮ್: ಕೇಳಿದ್ದು 6.4 ಲಕ್ಷ, ಕೊಡ್ತೀವಿ ಅಂದದ್ದು 1.9 ಲಕ್ಷ. ಸಹಿ ಹಾಕಬೇಕಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ವಿಮೆ ವಿಷಯ ಗೊತ್ತಿರುವವರು ದಯವಿಟ್ಟು ಪೂರ್ತಿ ಓದಿ.

ಶಿವಮೊಗ್ಗದಲ್ಲಿ ನಮ್ಮ ಸ್ವಂತ ಮನೆ ಇದೆ. ನಾವೆಲ್ಲ ಮದುವೆಗೆ ಹೋಗಿದ್ದಾಗ ಹಿತ್ತಲ ಬಾಗಿಲ ಚಿಲಕ ಮುರಿದು ಕಳ್ಳರು ಒಳಗೆ ನುಗ್ಗಿದ್ದಾರೆ. ಬೀರುವಿನ ಲಾಕರ್ ಒಡೆದಿದ್ದಾರೆ. ಬಂದ ತಕ್ಷಣ ಪೊಲೀಸರಿಗೆ ಹೇಳಿದೆವು, ಎಫ್‌ಐಆರ್ ಆಯಿತು. ಅವತ್ತೇ ವಿಮಾ ಕಂಪನಿಗೂ ತಿಳಿಸಿದೆವು.

ಹೋದದ್ದು ಇಷ್ಟು. ಚಿನ್ನ 3,60,000. ಬೆಳ್ಳಿ ದೀಪ, ತಟ್ಟೆ, ಕುಂಕುಮ ಭರಣಿ ಎಲ್ಲ ಸೇರಿ 85,000. ಲ್ಯಾಪ್‌ಟಾಪ್ ಮತ್ತು ಕ್ಯಾಮೆರಾ 1,10,000. ರೇಷ್ಮೆ ಸೀರೆಗಳು 70,000. ನಗದು 15,000. ಒಟ್ಟು 6,40,000.

ನಮ್ಮದು ಹೌಸ್‌ಹೋಲ್ಡರ್ ಪಾಲಿಸಿ, ಅದರಲ್ಲಿ ಕಳ್ಳತನದ ವಿಭಾಗ ಇದೆ. ಮನೆ ಸಾಮಾನಿಗೆ 8 ಲಕ್ಷ, ಒಡವೆಗೆ ಬೇರೆಯಾಗಿ 4 ಲಕ್ಷ.

ನಷ್ಟ ಅಂದಾಜಿಸುವ ಸರ್ವೇಯರ್ ಬಂದು ನೋಡಿ ಹೋದರು. ಈಗ ಕಂಪನಿಯಿಂದ ಪತ್ರ ಬಂದಿದೆ. ಒಡವೆಯಲ್ಲಿ ಬಿಲ್ ಇರುವುದಕ್ಕೆ ಮಾತ್ರ 1,20,000, ಅದೂ ಕೊಂಡ ಕಾಲದ ಬೆಲೆಗೆ. ಬೆಳ್ಳಿಯಲ್ಲೂ ಬಿಲ್ ಇದ್ದದ್ದಕ್ಕೆ 30,000. ಲ್ಯಾಪ್‌ಟಾಪ್, ಕ್ಯಾಮೆರಾಗೆ ಅರ್ಧ ಸವಕಳಿ ಕಳೆದು 55,000. ಸೀರೆಗೂ ಅರ್ಧ ಕಳೆದು 35,000. ನಗದಿಗೆ ಏನೂ ಇಲ್ಲ. ಇಷ್ಟೇ ಆಗಿದ್ದರೆ ಒಂದು ಮಾತು. ನಿಮ್ಮ ಮನೆಯ ಸಾಮಾನಿನ ನಿಜ ಬೆಲೆ 12 ಲಕ್ಷ, ವಿಮೆ ಮಾಡಿಸಿದ್ದು 8 ಲಕ್ಷ, ಹಾಗಾಗಿ ಸಾಮಾನಿನ ಬಾಬ್ತು 1,20,000 ದಲ್ಲಿ ಮೂರನೇ ಎರಡು ಭಾಗ ಮಾತ್ರ ಎಂದು 80,000 ಕ್ಕೆ ಇಳಿಸಿದ್ದಾರೆ. ಕೊನೆಗೆ ಎಕ್ಸೆಸ್ (ಪಾಲಿಸಿದಾರರೇ ಭರಿಸಬೇಕಾದ ಪಾಲು) ಎಂದು 10,000 ಕಳೆದು 1,90,000.

ಜೊತೆಗೆ ಡಿಸ್ಚಾರ್ಜ್ ವೋಚರ್ ಕಳಿಸಿದ್ದಾರೆ. ಪೂರ್ಣ ಮತ್ತು ಅಂತಿಮ ಎಂದು ಸಹಿ ಹಾಕಿದರೆ ಕೂಡಲೇ ಹಣ ಹಾಕ್ತೀವಿ ಅನ್ನುತ್ತಿದ್ದಾರೆ. ಅಮ್ಮ ಸಹಿ ಹಾಕಿ ಮುಗಿಸು ಅನ್ನುತ್ತಿದ್ದಾರೆ. ಹೋದ ಅವಲಕ್ಕಿ ಸರ ಅಜ್ಜಿಯದು, ಅದಕ್ಕೆ ಒಂದು ಪೈಸೆಯೂ ಇಲ್ಲ ಅಂದರೆ ನನಗೆ ಒಪ್ಪಲು ಆಗುತ್ತಿಲ್ಲ. ಏನು ಮಾಡಲಿ?

ಕಾಫಿತೋಟ

ಸಹಿ ಹಾಕಬೇಡಿ. ಮೊದಲು ಸರ್ವೇಯರ್ ವರದಿಯ ಪ್ರತಿ ಕೊಡಿ ಎಂದು ಇಮೇಲ್ ಮಾಡಿ. ಫೋನಿನಲ್ಲಿ ಕೇಳಬೇಡಿ, ಬರಹದಲ್ಲೇ ಕೇಳಿ. ಕೇಳಿದರೆ ಪಾಲಿಸಿದಾರರಿಗೆ ಕೊಡಬೇಕು. ಪತ್ರದಲ್ಲಿ ಬರೀ ಮೊತ್ತ ಇರುತ್ತದೆ, ಕಾರಣ ಇರುವುದು ವರದಿಯಲ್ಲಿ.

ಹಳೇ_ಸರ್ವೇಯರ್

ಇದೇ ಕೆಲಸ ಬಹಳ ವರ್ಷ ಮಾಡಿ ನಿವೃತ್ತನಾದವನು. ಸರ್ವೇಯರ್ ಕಂಪನಿಯ ನೌಕರ ಅಲ್ಲ. ವಿಮಾ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ ಲೈಸೆನ್ಸ್ ಪಡೆದ ಸ್ವತಂತ್ರ ವ್ಯಕ್ತಿ. ಅವರನ್ನು ಬೈದು ಪತ್ರ ಬರೆದರೆ ಏನೂ ಆಗುವುದಿಲ್ಲ. ಅವರ ಲೆಕ್ಕವನ್ನು ಸಾಲು ಸಾಲಾಗಿ ಪ್ರಶ್ನಿಸಿದರೆ ಖಂಡಿತ ಆಗುತ್ತದೆ. ನಿಮ್ಮ ಪತ್ರದಲ್ಲಿ ಪ್ರಶ್ನಿಸಬೇಕಾದ್ದು ಬಹಳ ಇದೆ.

ಎಲ್ಲಕ್ಕಿಂತ ದೊಡ್ಡದು ಆ ಮೂರನೇ ಎರಡು ಭಾಗದ ಕಡಿತ. ಇದಕ್ಕೆ ಆವರೇಜ್ ಕ್ಲಾಜ್ ಅನ್ನುತ್ತೇವೆ. ಮನೆಯಲ್ಲಿ 12 ಲಕ್ಷದ ಸಾಮಾನು ಇಟ್ಟುಕೊಂಡು 8 ಲಕ್ಷಕ್ಕೆ ವಿಮೆ ಮಾಡಿಸಿದರೆ, ಉಳಿದ ಭಾಗಕ್ಕೆ ನೀವೇ ಹೊಣೆ ಎಂಬ ಷರತ್ತು. ಷರತ್ತು ಪಾಲಿಸಿಯಲ್ಲಿ ಇರಬಹುದು. ಆದರೆ 12 ಲಕ್ಷ ಎಲ್ಲಿಂದ ಬಂತು? ಸರ್ವೇಯರ್ ನಿಮ್ಮ ಮನೆಯ ಪ್ರತಿ ಕೋಣೆಯಲ್ಲೂ ಉಳಿದ ಸಾಮಾನಿನ ಪಟ್ಟಿ ಮಾಡಿದರಾ? ಮಂಚ, ಫ್ರಿಜ್, ಟಿವಿ, ಪಾತ್ರೆ ಎಲ್ಲದಕ್ಕೂ ಬೆಲೆ ಕಟ್ಟಿದರಾ? ಹಾಗೆ ಮಾಡದೆ ಕಣ್ಣಂದಾಜಿನಲ್ಲಿ ಬರೆದಿದ್ದರೆ ಅದು ನಿಲ್ಲುವುದಿಲ್ಲ.

ಇನ್ನೊಂದು ಅಂಶ ಇದೆ, ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಕಳುವಾದ ವಸ್ತುವಿಗೆ ಸವಕಳಿ ಕಳೆದು ಹಳೆಯ ಬೆಲೆ ಕಟ್ಟಿದರೆ, ಇಡೀ ಮನೆಯ ಸಾಮಾನಿಗೂ ಅದೇ ರೀತಿ ಸವಕಳಿ ಕಳೆದೇ ಒಟ್ಟು ಬೆಲೆ ಕಟ್ಟಬೇಕು. ನಷ್ಟಕ್ಕೆ ಹಳೆಯ ಬೆಲೆ, ಮನೆಯ ಒಟ್ಟು ಮೌಲ್ಯಕ್ಕೆ ಹೊಸ ಬೆಲೆ, ಹೀಗೆ ಎರಡು ತಕ್ಕಡಿ ಇಟ್ಟುಕೊಂಡರೆ ಪಾಲಿಸಿದಾರ ಎರಡು ಕಡೆಯಿಂದಲೂ ಕಳೆದುಕೊಳ್ಳುತ್ತಾನೆ. ನಿಮ್ಮ ಮನೆಯಲ್ಲಿ ಹೊಸ ಬೆಲೆಗೆ 12 ಲಕ್ಷದ ಸಾಮಾನು ಇದ್ದರೂ, ಸರಾಸರಿ ಮೂರನೇ ಒಂದು ಭಾಗ ಸವಕಳಿ ಕಳೆದರೆ 8 ಲಕ್ಷ. ಆಗ ಕಡಿಮೆ ವಿಮೆ ಎಂಬ ಮಾತೇ ಇಲ್ಲ. ಈ ಪ್ರಶ್ನೆಯನ್ನು ಖಂಡಿತ ಕೇಳಿ.

ಚಿನ್ನದ ಬಗ್ಗೆ. ಚಿನ್ನಕ್ಕೆ ಸವಕಳಿ ಇಲ್ಲ. ಕೊಂಡ ದಿನದ ಬೆಲೆಯೂ ಅಳತೆ ಅಲ್ಲ. ಪಾಲಿಸಿಯಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ, ನಷ್ಟವಾದ ದಿನ ಆ ತೂಕ, ಆ ಶುದ್ಧತೆಯ ಚಿನ್ನಕ್ಕೆ ಮಾರುಕಟ್ಟೆಯಲ್ಲಿ ಎಷ್ಟಿತ್ತೋ ಅಷ್ಟು. ಬೆಳ್ಳಿಗೂ ಅದೇ ಮಾತು. ಮಜೂರಿ ಸಿಗುವುದು ಕಷ್ಟ, ಕೇಳಿ ನೋಡಿ.

ಲ್ಯಾಪ್‌ಟಾಪ್‌ಗೆ ಸವಕಳಿ ಕಳೆಯುವುದು ತಪ್ಪಲ್ಲ, ಪಾಲಿಸಿ ಮಾರುಕಟ್ಟೆ ಬೆಲೆಯ ಆಧಾರದಲ್ಲಿ ಇದ್ದರೆ. ರೀಇನ್‌ಸ್ಟೇಟ್‌ಮೆಂಟ್ ಆಧಾರ ಎಂದು ಬರೆದಿದ್ದರೆ ಹೊಸದರ ಬೆಲೆ ಕೇಳಬಹುದು. ಪಾಲಿಸಿಯ ಶೆಡ್ಯೂಲ್ ಪುಟ (ನಿಮ್ಮ ವಿಮೆಯ ವಿವರಗಳ ಪುಟ) ನೋಡಿ. ಯಾವುದೇ ಇರಲಿ, ಹೋದ ವರ್ಷ ಕೊಂಡದ್ದಕ್ಕೂ ಐದು ವರ್ಷ ಹಳೆಯದಕ್ಕೂ ಒಂದೇ 50 ಪರ್ಸೆಂಟ್ ಹಾಕುವುದು ಸರಿಯಲ್ಲ.

ಸೀರೆಯ ಸವಕಳಿ ಮೇಲೆ ಜಾಸ್ತಿ ಶಕ್ತಿ ಖರ್ಚು ಮಾಡಬೇಡಿ. ನಗದು ಬಿಟ್ಟುಬಿಡಿ. ಇಂಥ ಪಾಲಿಸಿಗಳಲ್ಲಿ ನಗದು ಹೆಚ್ಚಾಗಿ ಹೊರಗೇ ಇರುತ್ತದೆ, ಇದ್ದರೂ ಸಣ್ಣ ಮಿತಿ.

ತುಂಗಾತೀರ

ಸರ್, ತುಂಬಾ ಧನ್ಯವಾದ. ಕೋಣೆಗಳನ್ನು ಸುತ್ತಿ ನೋಡಿದರು, ಆದರೆ ಪಟ್ಟಿ ಮಾಡಿದ್ದು ಕಳುವಾದ ವಸ್ತುಗಳದ್ದು ಮಾತ್ರ. ಉಳಿದ ಸಾಮಾನಿನ ಬಗ್ಗೆ ನಮ್ಮನ್ನು ಒಂದು ಮಾತೂ ಕೇಳಿಲ್ಲ. ಶೆಡ್ಯೂಲ್‌ನಲ್ಲಿ ಮಾರುಕಟ್ಟೆ ಬೆಲೆ ಎಂದೇ ಇದೆ. ಲ್ಯಾಪ್‌ಟಾಪ್ ಕೊಂಡು ಒಂದು ವರ್ಷವೂ ಆಗಿರಲಿಲ್ಲ.

ಅವಲಕ್ಕಿ ಸರ, ಎರಡು ಜೊತೆ ಬಳೆ, ಬೆಂಡೋಲೆ, ಇವಕ್ಕೆ ಬಿಲ್ ಇಲ್ಲ. ಅಜ್ಜಿ ಕಾಲದ ಒಡವೆಗೆ ಬಿಲ್ ಎಲ್ಲಿಂದ ತರಲಿ?

ಬೆಣ್ಣೆದೋಸೆ

ದಾವಣಗೆರೆಯಿಂದ. ನಮ್ಮ ಅಕ್ಕನ ಮನೆಯಲ್ಲಿ ಇದೇ ಆಗಿತ್ತು, ಹಾಗಾಗಿ ಗೊತ್ತು. ಒಂದು ಪ್ರಶ್ನೆ ಕೇಳ್ತೀನಿ. ಆ ಒಡವೆಗಳನ್ನು ಯಾವಾಗಲಾದರೂ ಬ್ಯಾಂಕಿನಲ್ಲಿ ಅಡ ಇಟ್ಟಿದ್ದರಾ? ನಾಚಿಕೆ ಪಡಬೇಡಿ, ಭತ್ತದ ನಾಟಿಗೂ ಮಕ್ಕಳ ಫೀಸಿಗೂ ನಮ್ಮೂರಲ್ಲಿ ಎಲ್ಲರೂ ಇಡುತ್ತಾರೆ. ಚಿನ್ನದ ಸಾಲ ಕೊಡುವಾಗ ಬ್ಯಾಂಕಿನ ಅಪ್ರೈಸರ್ ಒಂದೊಂದು ಒಡವೆಯ ಹೆಸರು, ಒಟ್ಟು ತೂಕ, ಕಲ್ಲು ಕಳೆದ ತೂಕ, ಕ್ಯಾರೆಟ್ ಎಲ್ಲ ಬರೆಯುತ್ತಾರೆ. ಸಾಲ ತೀರಿದ್ದರೂ ಆ ದಾಖಲೆ ಬ್ಯಾಂಕಿನಲ್ಲಿ ಸಿಗಬಹುದು. ಮೂರನೆಯವರು ತೂಕ ಮಾಡಿ ಬರೆದ ಕಾಗದ ಅದು, ಬಿಲ್‌ಗಿಂತ ಗಟ್ಟಿ.

ಅದಿಲ್ಲದಿದ್ದರೆ, ಒಡವೆ ರಿಪೇರಿ ಮಾಡಿಸಿದ ಚೀಟಿ, ಹಳೆ ಚಿನ್ನ ಕೊಟ್ಟು ಬದಲಾಯಿಸಿದ ಬಿಲ್ ಹುಡುಕಿ. ಅಂಗಡಿಯವರ ಕಂಪ್ಯೂಟರ್‌ನಲ್ಲಿ ನಿಮ್ಮ ಫೋನ್ ನಂಬರ್ ಹಾಕಿದರೆ ಹಳೆಯ ಬಿಲ್ ಸಿಗುವುದೂ ಇದೆ. ಮದುವೆ, ಸೀಮಂತ, ನಾಮಕರಣದ ಫೋಟೋಗಳಲ್ಲಿ ಒಡವೆ ಕಾಣುವಂಥವು ಆರಿಸಿ. ಫೋಟೋದಲ್ಲಿ ತೂಕ ಕಾಣುವುದಿಲ್ಲ, ಆದರೆ ಒಡವೆ ಇತ್ತು ಎಂಬುದು ಸಾಬೀತಾಗುತ್ತದೆ.

ತುಂಗಾತೀರ

ಹೌದು! ಅಪ್ಪ ಮನೆ ಕಟ್ಟಿಸುವಾಗ ಸರ ಮತ್ತು ಬಳೆ ಬ್ಯಾಂಕಿನಲ್ಲಿ ಇಟ್ಟಿದ್ದರು. ಇದು ನಮ್ಮ ತಲೆಗೇ ಬಂದಿರಲಿಲ್ಲ. ನಾಳೆಯೇ ಹೋಗಿ ಕೇಳುತ್ತೇನೆ. ಬೆಂಡೋಲೆ ಅಡ ಇಟ್ಟಿರಲಿಲ್ಲ.

ಮಂಡ್ಯ_ಬೆಲ್ಲ

ಮದುವೆಯಾದ ಹೆಂಗಸಿಗೆ 500 ಗ್ರಾಂ ತನಕ ಬಿಲ್ ಬೇಡ ಅಂತ ಸರ್ಕಾರದ್ದೇ ರೂಲ್ಸ್ ಇದೆಯಲ್ಲ. ಅದನ್ನೇ ತೋರಿಸಿ.

ಧಾರವಾಡದ_ವಕೀಲೆ

ಅದು ಇಲ್ಲಿಗೆ ಅನ್ವಯಿಸುವುದಿಲ್ಲ. 1994 ರ ಆ ಸೂಚನೆ ಆದಾಯ ತೆರಿಗೆ ಅಧಿಕಾರಿಗಳಿಗೆ. ದಾಳಿ ಮಾಡಿದಾಗ ಮದುವೆಯಾದ ಹೆಂಗಸಿನ 500 ಗ್ರಾಂ, ಮದುವೆಯಾಗದವಳ 250 ಗ್ರಾಂ, ಗಂಡಸಿನ 100 ಗ್ರಾಂ ತನಕ ಒಡವೆ ವಶಪಡಿಸಿಕೊಳ್ಳಬೇಡಿ ಎಂದಷ್ಟೇ ಅದರಲ್ಲಿ ಇರುವುದು. ವಿಮೆಗೆ ಅದನ್ನು ಉಲ್ಲೇಖಿಸಿದರೆ ನಿಮ್ಮ ಪತ್ರದ ತೂಕ ಕಡಿಮೆಯಾಗುತ್ತದೆ.

ಬಳಸಬಹುದಾದ ಬೇರೆ ಮಾತಿದೆ. ಜೂನ್ 2024 ರಲ್ಲಿ ಐಆರ್‌ಡಿಎಐ ಸಾಮಾನ್ಯ ವಿಮೆಗೆ ಮಾಸ್ಟರ್ ಸರ್ಕ್ಯುಲರ್ ಹೊರಡಿಸಿತು. ದಾಖಲೆ ಇಲ್ಲ ಎಂಬ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಬಾರದು, ಬೇಕಾದ ದಾಖಲೆಗಳನ್ನು ಪಾಲಿಸಿ ಕೊಡುವಾಗಲೇ ಕೇಳಬೇಕು ಎಂದು ಅದರಲ್ಲಿದೆ. ಒಡವೆಗೆ 4 ಲಕ್ಷದ ವಿಮೆ ಎಂದು ಪ್ರೀಮಿಯಂ ತೆಗೆದುಕೊಂಡಾಗ ಬಿಲ್ ಕೇಳಲಿಲ್ಲ, ಪಟ್ಟಿ ಕೇಳಲಿಲ್ಲ. ಈಗ ಬಿಲ್ ಇಲ್ಲ ಎಂಬ ಒಂದೇ ಕಾರಣಕ್ಕೆ ಸೊನ್ನೆ ಹಾಕುವುದು ಹೇಗೆ? ಒಡವೆ ಇತ್ತು ಎಂದು ತೋರಿಸುವ ಹೊಣೆ ನಿಮ್ಮದೇ, ಅದು ತಪ್ಪುವುದಿಲ್ಲ. ಆದರೆ ಬಿಲ್ ಒಂದೇ ಸಾಕ್ಷಿ ಅಲ್ಲ.

ಸರ್ವೇಯರ್ ವರದಿಯೇ ಕೊನೆಯ ಮಾತು ಎಂದು ಕಂಪನಿ ಹೇಳಿದರೆ, ಅದು ಬದಲಾಯಿಸಲಾಗದ ಕಾಗದ ಅಲ್ಲ ಎಂದು ಸುಪ್ರೀಂ ಕೋರ್ಟ್ 2009 ರಲ್ಲಿ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಡಿಸ್ಚಾರ್ಜ್ ವೋಚರ್ ಬಗ್ಗೆಯೂ 1999 ರ ತೀರ್ಪು ಇದೆ. ಒತ್ತಡದಿಂದಲೋ ಮೋಸದಿಂದಲೋ ಸಹಿ ಹಾಕಿಸಿಕೊಂಡಿದ್ದರೆ ಗ್ರಾಹಕ ಆಮೇಲೂ ಉಳಿದ ಹಣ ಕೇಳಬಹುದು. ಆದರೆ ಆ ಒತ್ತಡವನ್ನು ಸಾಬೀತು ಮಾಡುವವರು ನೀವು. ಹಾಗಾಗಿ ಮೊದಲೇ ಸಹಿ ಹಾಕದಿರುವುದು ಒಳ್ಳೆಯದು. ಒಪ್ಪಿರುವ ಮೊತ್ತವನ್ನು ನನ್ನ ಆಕ್ಷೇಪಕ್ಕೆ ಒಳಪಟ್ಟು ಪಡೆಯುತ್ತೇನೆ ಎಂದು ಬರೆದು ಕೇಳಿ.

ಜರ್ಸಿವಾಸಿ

ನ್ಯೂಜೆರ್ಸಿಯಲ್ಲಿ ಇರುವ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗಾಗಿ ಬರೆಯುತ್ತಿದ್ದೇನೆ. ಇಲ್ಲಿ ಮನೆ ಸಾಲ ಇದ್ದರೆ ಹೋಮ್‌ಓನರ್ಸ್ ಇನ್ಶೂರೆನ್ಸ್ ಇದ್ದೇ ಇರುತ್ತದೆ, ಅದರಲ್ಲಿ ಕಳ್ಳತನವೂ ಸೇರಿರುತ್ತದೆ. ಅದಕ್ಕೇ ನಮ್ಮವರು ನಿಶ್ಚಿಂತೆಯಿಂದ ಇರುತ್ತಾರೆ. ಆದರೆ ಸಾಮಾನ್ಯವಾಗಿ ಬಳಸುವ ಎಚ್‌ಒ-3 ಪಾಲಿಸಿಯ ಪ್ರಮಾಣಿತ ನಮೂನೆಯಲ್ಲಿ ಒಡವೆ, ವಾಚು ಕಳುವಾದರೆ ಎಲ್ಲ ಸೇರಿ ಮಿತಿ 1,500 ಡಾಲರ್. ಒಂದೊಂದಕ್ಕೆ ಅಲ್ಲ, ಒಟ್ಟಿಗೆ! ಬೆಳ್ಳಿ ಪಾತ್ರೆಗೆ 2,500 ಡಾಲರ್, ನಗದಿಗೆ 200 ಡಾಲರ್. ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗಬಹುದು, ನಿಮ್ಮದನ್ನು ತೆಗೆದು ನೋಡಿ. ಮನೆ ಸಾಮಾನಿಗೆ ಮೂರು ಲಕ್ಷ ಡಾಲರ್ ಕವರ್ ಇದ್ದರೂ ತಾಳಿ, ಬಳೆ, ನೆಕ್ಲೇಸ್ ಎಲ್ಲ ಹೋದರೆ ಕೈಗೆ ಬರುವುದು ಅಷ್ಟೇ. ಅಂಥ ಮಿತಿಯನ್ನು ವಾದ ಮಾಡಿ ಮುರಿಯಲು ಆಗುವುದಿಲ್ಲ. ಮೊದಲೇ ಅಪ್ರೈಸಲ್ ಮಾಡಿಸಿ ಒಡವೆಗಳನ್ನು ಒಂದೊಂದಾಗಿ ಶೆಡ್ಯೂಲ್ ಮಾಡಿಸಬೇಕು, ಅಂದರೆ ಬೆಲೆಸಮೇತ ಪಾಲಿಸಿಯಲ್ಲಿ ಬರೆಸಬೇಕು.

ವಾದ ಮಾಡಬಹುದಾದ್ದು ಬೇರೆ ಸಾಮಾನಿನಲ್ಲಿ. ಆಕ್ಚುಯಲ್ ಕ್ಯಾಶ್ ವ್ಯಾಲ್ಯೂ ಪಾಲಿಸಿ ಆದರೆ ಸವಕಳಿ ಕಳೆಯುತ್ತಾರೆ. ರೀಪ್ಲೇಸ್‌ಮೆಂಟ್ ಕಾಸ್ಟ್ ಇದ್ದರೆ ಮೊದಲು ಸವಕಳಿ ಕಳೆದ ಹಣ ಕೊಟ್ಟು, ಹೊಸ ವಸ್ತು ಕೊಂಡ ರಸೀದಿ ಕೊಟ್ಟ ಮೇಲೆ ಉಳಿದದ್ದು ಕೊಡುತ್ತಾರೆ. ಈ ಎರಡನೇ ಕಂತನ್ನು ಕೇಳದೆ ಬಿಟ್ಟವರು ನಮ್ಮಲ್ಲೇ ಇದ್ದಾರೆ. ಬೆಲೆಯ ಬಗ್ಗೆ ಮಾತ್ರ ಜಗಳ ಇದ್ದರೆ ಪಾಲಿಸಿಯ ಅಪ್ರೈಸಲ್ ಷರತ್ತು ನೋಡಿ. ಎರಡೂ ಕಡೆಯವರು ಒಬ್ಬೊಬ್ಬ ಮೌಲ್ಯಮಾಪಕರನ್ನು ನೇಮಿಸುತ್ತಾರೆ, ಅವರು ಒಪ್ಪದಿದ್ದರೆ ಅಂಪೈರ್ ತೀರ್ಮಾನಿಸುತ್ತಾರೆ. ದೂರು ಕೊಡಲು ಪ್ರತಿ ರಾಜ್ಯದಲ್ಲೂ ವಿಮಾ ಇಲಾಖೆ ಇದೆ.

ಚಾಮುಂಡಿಬೆಟ್ಟ

ನನ್ನ ಕ್ಲೇಮ್ ಪೂರ್ತಿ ತಿರಸ್ಕಾರವಾಗಿದೆ. ಬಾಗಿಲು ಮುರಿದಿಲ್ಲ, ಕಳ್ಳ ನಕಲಿ ಕೀ ಬಳಸಿರಬೇಕು. ಬಲಪ್ರಯೋಗದ ಗುರುತಿಲ್ಲ ಎಂದು ಒಂದೇ ಸಾಲಿನ ಪತ್ರ. ಕಳ್ಳತನ ಆಗಿದೆ ಎಂದು ಪೊಲೀಸರೇ ಬರೆದಿದ್ದಾರೆ. ಇದು ಯಾವ ನ್ಯಾಯ?

ಧಾರವಾಡದ_ವಕೀಲೆ

ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಇಲ್ಲಿ ಕಾನೂನು ಸ್ವಲ್ಪ ಕಠಿಣವಾಗಿದೆ. 2004 ರಲ್ಲಿ ಹರ್‌ಚಂದ್ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ನೋಡಿತು. ಪಾಲಿಸಿಯಲ್ಲಿ ಬಲವಂತವಾಗಿ ಒಳನುಗ್ಗಿ ಎಂದು ಬರೆದಿದ್ದರೆ ಬಲಪ್ರಯೋಗ ಆಗಿರಲೇಬೇಕು, ಬರೀ ಕಳ್ಳತನ ಸಾಲದು ಎಂದಿತು. ಹಾಗಾಗಿ ನಿಮ್ಮ ಪಾಲಿಸಿಯ ವ್ಯಾಖ್ಯೆಯನ್ನು ಅಕ್ಷರ ಅಕ್ಷರ ಓದಿ. ಕೆಲವು ಪಾಲಿಸಿಗಳಲ್ಲಿ ಹೊರಹೋಗುವಾಗಿನ ಬಲಪ್ರಯೋಗವೂ ಸೇರಿರುತ್ತದೆ. ಕೆಲವದರಲ್ಲಿ ಬರ್ಗ್ಲರಿ (ಬಲವಂತವಾಗಿ ನುಗ್ಗಿ ಮಾಡುವ ಕಳ್ಳತನ) ಜೊತೆಗೆ ಸಾಮಾನ್ಯ ಕಳ್ಳತನವನ್ನೂ ಬೇರೆಯಾಗಿ ಸೇರಿಸಿರುತ್ತಾರೆ. ನಿಮ್ಮ ಬೀರುವಿನ ಬೀಗ ಮುರಿದಿತ್ತಾ? ಮಹಜರಿನಲ್ಲಿ ಅದು ಬಂದಿದೆಯಾ?

ಚಾಮುಂಡಿಬೆಟ್ಟ

ಬೀರುವಿನ ಒಳಗಿನ ಡ್ರಾಯರ್ ಮೀಟಿ ತೆಗೆದಿದ್ದಾರೆ. ಮಹಜರಿನಲ್ಲಿ ಇದೆ. ಪಾಲಿಸಿಯ ಪೂರ್ತಿ ಪ್ರತಿ ನನ್ನ ಹತ್ತಿರ ಇಲ್ಲ, ಶೆಡ್ಯೂಲ್ ಮಾತ್ರ ಕೊಟ್ಟಿದ್ದಾರೆ.

ಧಾರವಾಡದ_ವಕೀಲೆ

ಹಾಗಾದರೆ ಮೊದಲು ಪೂರ್ತಿ ಪಾಲಿಸಿ ತರಿಸಿಕೊಳ್ಳಿ. ಆ ಮಹಜರ್ ನಿಮ್ಮ ಮುಖ್ಯ ಕಾಗದ. ವ್ಯಾಖ್ಯೆ ಮನೆಯೊಳಗೆ ನುಗ್ಗುವುದಕ್ಕೆ ಮಾತ್ರ ಸೀಮಿತವೇ, ಇಲ್ಲವೇ ಎಂಬುದರ ಮೇಲೆ ನಿಮ್ಮ ಪ್ರಕರಣ ನಿಂತಿದೆ. ಪೂರ್ತಿ ಪಾಲಿಸಿ ಬಂದ ಮೇಲೆ ಬೇರೆ ಪೋಸ್ಟ್ ಹಾಕಿ, ನೋಡೋಣ.

ಕಾಫಿತೋಟ

ಪೊಲೀಸ್ ಕಾಗದದ ಬಗ್ಗೆ ಎಲ್ಲರಿಗೂ ಒಂದು ಮಾತು. ಮನೆ ಮುರಿದು ಕಳ್ಳತನವಾದರೆ ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ 305 ಮಾತ್ರ ಇದ್ದರೆ ಸಾಲದು, 331 ಕೂಡ ಇದೆಯಾ ನೋಡಿ. 305 ವಾಸದ ಮನೆಯಲ್ಲಿ ಕಳ್ಳತನ, 331 ಮನೆ ಮುರಿದು ಒಳನುಗ್ಗಿದ್ದು. ಜುಲೈ 2024 ಕ್ಕಿಂತ ಹಿಂದಿನ ಪ್ರಕರಣಗಳಲ್ಲಿ ಇವು ಐಪಿಸಿ 380, 454, 457 ಎಂದಿರುತ್ತವೆ. ಮೊಬೈಲ್ ಆಪ್‌ನಲ್ಲಿ ಸಿಗುವ ಇ-ಲಾಸ್ಟ್ ಸ್ವೀಕೃತಿ ಇದಕ್ಕೆ ಆಗುವುದಿಲ್ಲ. ಅದು ಕಳೆದುಹೋದ ವಸ್ತುವಿಗೆ, ಕಳುವಾದದ್ದಕ್ಕೆ ಅಲ್ಲ.

ಕಳ್ಳ ಸಿಗದಿದ್ದರೆ ಪೊಲೀಸರು ಕೋರ್ಟಿಗೆ ಸಿ ರಿಪೋರ್ಟ್ ಹಾಕುತ್ತಾರೆ. ಕಂಪನಿಯವರು ಅದನ್ನೇ ಕೇಳುವುದು. ಮೊದಲ ದೂರಿನಲ್ಲಿ ಬಿಟ್ಟುಹೋದ ವಸ್ತು ಆಮೇಲೆ ನೆನಪಾದರೆ ಕೂಡಲೇ ಠಾಣೆಗೆ ಹೆಚ್ಚುವರಿ ಹೇಳಿಕೆ ಕೊಡಿ. ಎಫ್‌ಐಆರ್ ಪಟ್ಟಿಗೂ ಕ್ಲೇಮ್ ಪಟ್ಟಿಗೂ ತಾಳೆ ಇಲ್ಲದಿದ್ದರೆ ಸರ್ವೇಯರ್ ಹಿಡಿಯುವುದು ಮೊದಲು ಅದನ್ನೇ.

ಹೊಸಮನೆ

ನಮ್ಮದು ಮನೆ ಸಾಲದ ಜೊತೆ ಬ್ಯಾಂಕಿನವರೇ ಮಾಡಿಸಿದ ಭಾರತ್ ಗೃಹ ರಕ್ಷಾ. ಮನೆ ಸಾಮಾನಿಗೂ ಕವರ್ ಇದೆ ಅಂತ ಬರೆದಿದೆ. ನಾವು ಸೇಫ್ ಅಲ್ವಾ?

ಹಳೇ_ಸರ್ವೇಯರ್

ಕಳ್ಳತನಕ್ಕೆ ಸೇಫ್ ಅಲ್ಲ. ಏಪ್ರಿಲ್ 2021 ರಿಂದ ಎಲ್ಲ ಕಂಪನಿಗಳೂ ಕೊಡುತ್ತಿರುವ ಆ ಪಾಲಿಸಿ ಬೆಂಕಿ, ನೆರೆ, ಭೂಕಂಪ, ಬಿರುಗಾಳಿ ಇಂಥವಕ್ಕೆ. ಮನೆ ಸಾಮಾನಿಗೆ ಕಟ್ಟಡದ ವಿಮಾ ಮೊತ್ತದ 20 ಪರ್ಸೆಂಟ್, ಗರಿಷ್ಠ 10 ಲಕ್ಷ ತಾನಾಗಿಯೇ ಸೇರುತ್ತದೆ. ಆದರೆ ಅದರಲ್ಲಿ ಕಳ್ಳತನ ಬರುವುದು ಇಂಥ ಅನಾಹುತ ಆದ 7 ದಿನದೊಳಗೆ, ಅದರಿಂದಾಗಿಯೇ ಕಳುವಾದರೆ ಮಾತ್ರ. ಬೆಂಕಿಯಲ್ಲಿ ಬಾಗಿಲು ಸುಟ್ಟು ಮನೆ ತೆರೆದು ಬಿದ್ದಿದ್ದಾಗ ಯಾರೋ ಟಿವಿ ಹೊತ್ತೊಯ್ದರು ಅನ್ನಿ, ಅದಕ್ಕೆ ಸಿಗುತ್ತದೆ. ನೀವು ಊರಿಗೆ ಹೋಗಿದ್ದಾಗ ಬೀಗ ಮುರಿದು ಕದ್ದರೆ ಇಲ್ಲ. ಅದಕ್ಕೆ ಬರ್ಗ್ಲರಿ ಕವರ್ ಬೇರೆಯಾಗಿ ತೆಗೆದುಕೊಳ್ಳಬೇಕು. ಮಾರುವಾಗ ಇದನ್ನು ಬಿಡಿಸಿ ಹೇಳುವವರು ಕಡಿಮೆ, ನನಗೆ ಅದೇ ಬೇಸರ.

ತೆಗೆದುಕೊಳ್ಳುವಾಗ ಮನೆ ಖಾಲಿ ಬಿಡುವ ಷರತ್ತು ಕೂಡ ನೋಡಿ. ಸತತ 30 ದಿನಕ್ಕಿಂತ ಜಾಸ್ತಿ ಬೀಗ ಹಾಕಿದ್ದರೆ ಕವರ್ ಇಲ್ಲ ಎಂಬಂಥ ಷರತ್ತು ಹಲವು ಪಾಲಿಸಿಗಳಲ್ಲಿ ಇರುತ್ತದೆ. ಮಕ್ಕಳ ಹತ್ತಿರ ಅಮೆರಿಕಕ್ಕೆ ಆರು ತಿಂಗಳು ಹೋಗುವ ಹಿರಿಯರು ಇದನ್ನು ತಿಳಿದಿರಬೇಕು. ಮನೆಗೆಲಸದವರು ಅಥವಾ ಮನೆಯವರೇ ಕದ್ದರೆ ಕೊಡುವುದಿಲ್ಲ ಎಂಬ ಸಾಲನ್ನೂ ಓದಿ.

ತುಂಗಾತೀರ

ಬ್ಯಾಂಕಿನಲ್ಲಿ ಸಿಕ್ಕಿತು! ಹಳೆಯ ಸಾಲದ ಅಪ್ರೈಸಲ್ ಕಾಗದದ ದೃಢೀಕೃತ ಪ್ರತಿ ಕೊಟ್ಟರು. ಸರ, ಬಳೆ ಎರಡರ ನಿವ್ವಳ ತೂಕವೂ 22 ಕ್ಯಾರೆಟ್ ಎಂಬುದೂ ಅದರಲ್ಲಿದೆ. ಸರ್ವೇಯರ್ ವರದಿಯೂ ಕೈಗೆ ಬಂತು. 12 ಲಕ್ಷಕ್ಕೆ ಆಧಾರ ಎಂದು ಅದರಲ್ಲಿ ಬರೆದಿರುವುದು ಇಷ್ಟೇ: ಮನೆಯ ಗಾತ್ರ ಮತ್ತು ಜೀವನಮಟ್ಟ ನೋಡಿ ಅಂದಾಜಿಸಲಾಗಿದೆ. ಪಟ್ಟಿ ಇಲ್ಲ.

ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಹೀಗೆ ಬರೆದಿದ್ದೇನೆ, ಕಳಿಸುವ ಮೊದಲು ನೋಡಿ ಹೇಳಿ:

"ನಿಮ್ಮ 1,90,000 ರೂಪಾಯಿಯ ಇತ್ಯರ್ಥವನ್ನು ನಾನು ಪೂರ್ಣ ಎಂದು ಒಪ್ಪುವುದಿಲ್ಲ. ಒಂದು, ಮನೆ ಸಾಮಾನಿನ ಮೌಲ್ಯ 12 ಲಕ್ಷ ಎಂಬುದಕ್ಕೆ ವರದಿಯಲ್ಲಿ ಯಾವ ಪಟ್ಟಿಯೂ ಇಲ್ಲ. ನಷ್ಟಕ್ಕೆ ಸವಕಳಿ ಕಳೆದಿದ್ದೀರಿ. ಒಟ್ಟು ಮೌಲ್ಯಕ್ಕೂ ಅದೇ ರೀತಿ ಸವಕಳಿ ಕಳೆದಿದ್ದರೆ ಲೆಕ್ಕ ಕೊಡಿ, ಕಳೆದಿಲ್ಲವಾದರೆ ಆ ಕಡಿತ ಕೈಬಿಡಿ. ಎರಡು, ಚಿನ್ನ ಬೆಳ್ಳಿಗೆ ನಷ್ಟದ ದಿನದ ಮಾರುಕಟ್ಟೆ ದರ ಅನ್ವಯಿಸಿ. ಮೂರು, ಬ್ಯಾಂಕಿನ ಅಪ್ರೈಸಲ್ ಪ್ರತಿ ಮತ್ತು ಫೋಟೋಗಳನ್ನು ಲಗತ್ತಿಸಿದ್ದೇನೆ, ಬಿಲ್ ಇಲ್ಲದ ಒಡವೆಗಳನ್ನು ಇವುಗಳ ಆಧಾರದಲ್ಲಿ ಮತ್ತೆ ಪರಿಶೀಲಿಸಿ. ನಾಲ್ಕು, ಲ್ಯಾಪ್‌ಟಾಪ್ ಕೊಂಡ ದಿನಾಂಕದ ಬಿಲ್ ಇದೆ, ವಯಸ್ಸಿಗೆ ತಕ್ಕ ಸವಕಳಿ ಮಾತ್ರ ಹಾಕಿ. ಒಪ್ಪಿರುವ ಮೊತ್ತವನ್ನು ನನ್ನ ಆಕ್ಷೇಪಕ್ಕೆ ಒಳಪಟ್ಟು ಈಗಲೇ ಪಾವತಿಸಿ."

ಹಳೇ_ಸರ್ವೇಯರ್

ಚೆನ್ನಾಗಿದೆ. ಕೋಪ ಇಲ್ಲ, ಲೆಕ್ಕ ಇದೆ. ಪಾಲಿಸಿ ನಂಬರ್, ಕ್ಲೇಮ್ ನಂಬರ್ ಮೇಲೆ ಹಾಕಿ. ಸವಕಳಿಯ ಷರತ್ತಿನ ಕ್ರಮಸಂಖ್ಯೆ ಪಾಲಿಸಿಯಿಂದ ನೋಡಿ ಬರೆಯಿರಿ.

ಕಾಫಿತೋಟ

ಇದನ್ನೇ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಿ. ಅಲ್ಲಿ ತೀರ್ಪು ಕೊಡುವುದಿಲ್ಲ, ಆದರೆ ದೂರಿಗೆ ನಂಬರ್ ಸಿಗುತ್ತದೆ, ಕಂಪನಿ ಉತ್ತರಿಸಬೇಕಾಗುತ್ತದೆ.

ಮಂಡ್ಯ_ಬೆಲ್ಲ

ಇವರಿಗೆಲ್ಲ ಪತ್ರ ಬರೆದು ಸುಮ್ನೆ ಟೈಮ್ ವೇಸ್ಟ್. ನೇರ ಗ್ರಾಹಕ ನ್ಯಾಯಾಲಯಕ್ಕೆ ಹೋಗಿ. ಮಾನಸಿಕ ಹಿಂಸೆಗೂ ಪರಿಹಾರ ಕೇಳಬಹುದು.

ಧಾರವಾಡದ_ವಕೀಲೆ

ನಾನು ನಡೆಸುವುದು ಅಂಥ ಪ್ರಕರಣಗಳನ್ನೇ. ಆದರೂ ಇವರಿಗೆ ಮೊದಲು ವಿಮೆಯ ದೂರು ತೀರ್ಮಾನಿಸುವ ಒಂಬುಡ್ಸ್‌ಮನ್ ಹತ್ತಿರ ಹೋಗಿ ಎನ್ನುತ್ತೇನೆ. ಖರ್ಚಿಲ್ಲ, ವಕೀಲರೂ ಬೇಡ, ನೀವೇ ಮಾತಾಡಬೇಕು. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಟ್ಟು ಒಂದು ತಿಂಗಳು ಕಾಯಬೇಕು, ಅಥವಾ ಅದರೊಳಗೆ ಬಂದ ಉತ್ತರ ನಿಮಗೆ ಒಪ್ಪಿಗೆಯಾಗಿರಬಾರದು. ಆಮೇಲೆ ಒಂದು ವರ್ಷದೊಳಗೆ ಹೋಗಬೇಕು. 50 ಲಕ್ಷದ ತನಕ ಅವರು ತೀರ್ಮಾನಿಸಬಹುದು. ಬೇಕಾದ ಕಾಗದಗಳೆಲ್ಲ ಸೇರಿದ ಮೇಲೆ ಮೂರು ತಿಂಗಳಲ್ಲಿ ಆದೇಶ ಕೊಡಬೇಕು, ಕಂಪನಿ 30 ದಿನದಲ್ಲಿ ಪಾಲಿಸಬೇಕು. ಆ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕ ಆಯೋಗದ (ಗ್ರಾಹಕ ನ್ಯಾಯಾಲಯದ) ಬಾಗಿಲು ತೆರೆದೇ ಇರುತ್ತದೆ. ತಿರುವುಮುರುವು ಆಗುವುದಿಲ್ಲ. ಆಯೋಗದಲ್ಲಿ ಪ್ರಕರಣ ನಡೆಯುತ್ತಿದ್ದರೆ ಒಂಬುಡ್ಸ್‌ಮನ್ ಅದನ್ನು ಮುಟ್ಟುವುದಿಲ್ಲ.

ಗ್ರಾಹಕ ಆಯೋಗಕ್ಕೆ ಎರಡು ವರ್ಷ ಅವಕಾಶ ಇದೆ. 2019 ರ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು. ನೀವು ಕಟ್ಟಿದ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಇಲ್ಲಿ ಕಟ್ಟಿದ ಹಣ ಅಂದರೆ ಪ್ರೀಮಿಯಂ, ಹಾಗಾಗಿ ನಿಮಗೆ ಶುಲ್ಕ ಬರುವುದೇ ಇಲ್ಲ. ಆದರೆ ಅಲ್ಲಿ ವರ್ಷಗಟ್ಟಲೆ ಆಗಬಹುದು. ಚಾಮುಂಡಿಬೆಟ್ಟ ಅವರಂತೆ ಷರತ್ತಿನ ಅರ್ಥದ ಮೇಲೆ, ಸಾಕ್ಷಿಗಳ ಮೇಲೆ ದೊಡ್ಡ ವಾದ ಇದ್ದರೆ ಆಯೋಗ ಸರಿ. ಲೆಕ್ಕದ ಜಗಳಕ್ಕೆ ಒಂಬುಡ್ಸ್‌ಮನ್ ಸಾಕು.

ತುಂಗಾತೀರ

ಕಂಪನಿಯ ಉತ್ತರ ಬಂತು. ಎಲ್ಲರಿಗೂ ಮೊದಲು ಹೇಳಬೇಕು ಅನ್ನಿಸಿತು.

ಮೂರನೇ ಎರಡು ಭಾಗದ ಕಡಿತ ಪೂರ್ತಿ ಕೈಬಿಟ್ಟಿದ್ದಾರೆ. ಸಾಮಾನಿಗೆ 1,20,000 ಹಾಗೇ ಉಳಿಯಿತು. ಒಡವೆಯಲ್ಲಿ ಬ್ಯಾಂಕಿನ ಕಾಗದ ಒಪ್ಪಿ, ನಷ್ಟದ ದಿನದ ದರದಲ್ಲಿ 2,75,000 ಮಾಡಿದ್ದಾರೆ. ಎಕ್ಸೆಸ್ ಕಳೆದು 3,85,000. ಇದನ್ನು ಆಕ್ಷೇಪಕ್ಕೆ ಒಳಪಟ್ಟು ಪಾವತಿಸಲು ಒಪ್ಪಿದ್ದಾರೆ, ಹಣ ಖಾತೆಗೆ ಬಂದಿದೆ.

ಬೆಂಡೋಲೆಗೆ ಇಲ್ಲ ಅಂದಿದ್ದಾರೆ. ಬಿಲ್ ಇಲ್ಲದ ಬೆಳ್ಳಿಗೂ ಇಲ್ಲ. ಲ್ಯಾಪ್‌ಟಾಪ್ ಸವಕಳಿ ಬದಲಾಯಿಸಿಲ್ಲ, ಕಾರಣವನ್ನೂ ಕೊಟ್ಟಿಲ್ಲ. ಇಷ್ಟಕ್ಕೆ ಒಂಬುಡ್ಸ್‌ಮನ್ ತನಕ ಹೋಗಬೇಕಾ ಅಂತ ಮನೆಯಲ್ಲಿ ಚರ್ಚೆ ನಡೆದಿದೆ.

ಬೆಣ್ಣೆದೋಸೆ

ಅಜ್ಜಿಯ ಸರಕ್ಕೆ ಸಿಕ್ಕಿತಲ್ಲ, ಓದಿ ಬಹಳ ಸಂತೋಷವಾಯಿತು. ಸರ ವಾಪಸ್ ಬರುವುದಿಲ್ಲ, ಆದರೂ.

ಹಳೇ_ಸರ್ವೇಯರ್

ಹೋಗಿ ಎನ್ನುತ್ತೇನೆ. ಬೆಳ್ಳಿಯೇ 55,000 ಬಾಕಿ ಇದೆ. ಆದರೆ ಎಲ್ಲವನ್ನೂ ಹಿಡಿದುಕೊಂಡು ಹೋಗಬೇಡಿ. ಲ್ಯಾಪ್‌ಟಾಪ್ ಗಟ್ಟಿ, ಬಿಲ್ ಇದೆ, ವಯಸ್ಸು ಕಡಿಮೆ, ಅವರ ಹತ್ತಿರ ಉತ್ತರ ಇಲ್ಲ. ಬೆಳ್ಳಿಗೆ ಫೋಟೋ ಇದ್ದರೆ ವಾದಿಸಬಹುದು. ದೀಪದ ಎತ್ತರ, ಜೋಡಿ ಎಷ್ಟು, ತಟ್ಟೆಯ ಗಾತ್ರ ಫೋಟೋದಲ್ಲಿ ಗೊತ್ತಾದರೆ ಅಂಥದ್ದೇ ಬೆಳ್ಳಿಯ ತೂಕವನ್ನು ಅಕ್ಕಸಾಲಿಗರಿಂದ ಬರೆಸಿ ತನ್ನಿ. ಬೆಂಡೋಲೆ ಮದುವೆ ಫೋಟೋದಲ್ಲಿ ಸ್ಪಷ್ಟವಾಗಿದ್ದರೆ ಸೇರಿಸಿ, ಇಲ್ಲದಿದ್ದರೆ ಬಿಡಿ. ಸೀರೆ, ನಗದು ಎತ್ತಲೇಬೇಡಿ.

ಇನ್ನೊಂದು ವಿಷಯ ನೆನಪಿಡಿ. ಮುಂದೆ ಪೊಲೀಸರಿಗೆ ಒಡವೆ ಸಿಕ್ಕಿದರೆ ಕಂಪನಿಗೆ ತಿಳಿಸಬೇಕು. ಹಣ ಕೊಟ್ಟ ವಸ್ತುವಿನ ಮೇಲೆ ಅವರಿಗೆ ಹಕ್ಕು ಬರುತ್ತದೆ. ನಿಮಗೆ ಸರವೇ ಬೇಕಿದ್ದರೆ ಅದಕ್ಕೆ ಪಡೆದ ಹಣ ಹಿಂದಿರುಗಿಸಿ ಸರ ಉಳಿಸಿಕೊಳ್ಳುವ ಬಗ್ಗೆ ಈಗಲೇ ಬರಹದಲ್ಲಿ ಕೇಳಿಟ್ಟುಕೊಳ್ಳಿ.

ತುಂಗಾತೀರ

ಅಮ್ಮನಿಗೆ ಈ ಕೊನೆಯ ಮಾತು ಓದಿ ಹೇಳಿದೆ, ಅದನ್ನು ಇವತ್ತೇ ಬರೆ ಅಂದರು. ಬರೆದಿದ್ದೇನೆ. ಲ್ಯಾಪ್‌ಟಾಪ್, ಬೆಳ್ಳಿ, ಬೆಂಡೋಲೆ ಮೂರಕ್ಕೆ ಒಂಬುಡ್ಸ್‌ಮನ್ ಅರ್ಜಿ ಸಿದ್ಧ ಮಾಡುತ್ತಿದ್ದೇನೆ. ತಂಗಿಯ ಮದುವೆ ಆಲ್ಬಮ್‌ನಲ್ಲಿ ಬೆಂಡೋಲೆ ಹತ್ತಿರದಿಂದ ತೆಗೆದ ಫೋಟೋ ಇದೆ. ವಿಚಾರಣೆಗೆ ಬೆಂಗಳೂರಿಗೇ ಹೋಗಬೇಕಾ?

ಧಾರವಾಡದ_ವಕೀಲೆ

ಬೇಕಿಲ್ಲ. 2021 ರ ತಿದ್ದುಪಡಿಯ ನಂತರ ಆನ್‌ಲೈನ್‌ನಲ್ಲಿ ದೂರು ಹಾಕಬಹುದು, ವಿಡಿಯೋ ಮೂಲಕ ವಿಚಾರಣೆ ನಡೆಸಲೂ ಅವಕಾಶ ಇದೆ. ಅರ್ಜಿಯಲ್ಲೇ ವಿಡಿಯೋ ವಿಚಾರಣೆ ಕೋರಿ. ಆಲ್ಬಮ್ ಮೂಲ ಪ್ರತಿಯನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ, ತೋರಿಸಿ ಅನ್ನಬಹುದು.